ಹನ್ನೊಂದು ಮಧ್ಯಾಹ್ನಗಳ ಕ್ಷೌರ

ಮುಹರಕ್ಕಿನ ಹಳೇ ಬೀದಿಯಲ್ಲಿ
ಒಂದರಿಂದ ನಾಲ್ಕರ ತನಕ ಎಲ್ಲ ಶಟರೂ ಕೆಳಗೆ.
ಬೆಕ್ಕು ಕೂಡ ಏಸಿಯ ನೀರು ತೊಟ್ಟಿಕ್ಕುವ ಜಾಗ ಹುಡುಕಿ
ಒರಗುವ ಹೊತ್ತು.
ಆ ಹೊತ್ತಿಗೇ ಬರಹೇಳಿದ್ದ ಮುಫಿಜುಲ್,
ಕುಮಿಲ್ಲಾದವನು, ಎರಡೇ ಕುರ್ಚಿಯ ಸಲೂನಿನವನು.

ಅದಕ್ಕೆ ಮೊದಲು ಮೂರು ಅಂಗಡಿ ಆಗಿತ್ತು.
ಒಂದರಲ್ಲಿ ಮಗ ಕನ್ನಡಿಗೆ ಒದ್ದ.
ಇನ್ನೊಂದರಲ್ಲಿ, "ಕೈಕಾಲು ಹಿಡ್ಕೊಳ್ಳಿ, ಎರಡು ನಿಮಿಷದ ಕೆಲಸ" ಅಂದರು.
ಹಿಡಿದುಕೊಂಡೆ.
ಯಾರ್ಡಿನಲ್ಲಿ ಹಡಗಿನ ಸರಪಳಿ ಹಿಡಿಯುವ ಕೈ ಇದು;
ಆ ಎರಡು ನಿಮಿಷವನ್ನು
ಇನ್ನೂ ಬಿಡಲಾಗಿಲ್ಲ ಇದಕ್ಕೆ.
ಮೂರನೆಯವ ಬಾಗಿಲಲ್ಲೇ ನೋಡಿ
"ಗಿರಾಕಿಗಳಿದ್ದಾರೆ" ಅಂದ.

ಮನ್ವಿತನ ಕೂದಲು ಹುಬ್ಬು ದಾಟಿ ಕಣ್ಣಿಗಿಳಿದಿತ್ತು.
ಒಂಬತ್ತು ವರ್ಷ. ಮಾತು ನಾಲ್ಕು:
ನೀರು, ಬೇಡ, ಅಮ್ಮ,
ಮತ್ತೆ, ಯಾಕೋ, ವಿಮಾನ.

ಮೊದಲ ದಿನ ಮುಫಿಜುಲ್ ಕತ್ತರಿ ಮುಟ್ಟಲೇ ಇಲ್ಲ.
ಅರ್ಧ ಎತ್ತಿದ ಶಟರಿನಡಿ ಬಾಗಿ ಒಳಬಂದೆವು.
ರೇಡಿಯೋ ಬಂದ್, ಫೋನು ಬಂದ್.
ನೆಲದ ಮೇಲೆ ಕೂತು ಬಾಚಣಿಗೆಯ ಹಲ್ಲುಗಳನ್ನು
ಉಗುರಲ್ಲಿ ಮೀಟುತ್ತಿದ್ದ, ಒಂದು ಗಂಟೆ.
ಮರುದಿನ ಮಗ ಆ ಬಾಚಣಿಗೆ ಕಸಿದ.
ನಾಲ್ಕನೇ ದಿನ ಕತ್ತರಿಯ ಸದ್ದು, ದೂರದಿಂದ, ಬರೀ ಗಾಳಿಗೆ.
ಐದನೇ ದಿನ ಎಡಗಿವಿಯ ಮೇಲೆ ಮೂರು ಎಳೆ.
ಏರ್‌ಪೋರ್ಟು ಹತ್ತಿರ; ವಿಮಾನ ತಲೆಯ ಮೇಲೆ ಹಾದಾಗೆಲ್ಲ
ಕತ್ತರಿಯೂ ನಿಂತು ಮೇಲೆ ನೋಡುತ್ತಿತ್ತು.

ಅರ್ಧ ಕ್ಷೌರದ ಮಗನ ಜೊತೆ
ಎರಡು ವಾರ ಓಡಾಡಿದೆವು.
ಸೂಪರ್‌ಮಾರ್ಕೆಟ್ಟಿನ ಕ್ಯೂನಲ್ಲಿ ನಮ್ಮೂರಿನವರೇ ಒಬ್ಬರು
ಜಲಜಾಕ್ಷಿಯ ಭುಜ ಮುಟ್ಟಿ,
"ಹೊರುವ ಶಕ್ತಿ ಇದ್ದವರಿಗೇ ದೇವರು ಕೊಡೋದು" ಅಂದರು.
ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.
ಇವಳು ನಕ್ಕಳು. ಕಾರಿಗೆ ಬಂದು ಕೂತವಳು
ಬಿಲ್ಲನ್ನು ಮಡಿಸಿದಳು, ಮಡಿಸಿದಳು,
ಇನ್ನು ಮಡಿಸಲಾಗದಷ್ಟು ಚಿಕ್ಕದಾಗುವ ತನಕ.

ಮುಫಿಜುಲ್ ದೇವರ ಲೆಕ್ಕ ತೆಗೆಯಲಿಲ್ಲ.
ಹುಟ್ಟಿನಿಂದಲೇ ಹೀಗಾ ಅಂತ ಕೇಳಲಿಲ್ಲ,
ಅವನೂರಿನ ಬೇರು ನಾರಿನ ಮದ್ದು ಹೇಳಲಿಲ್ಲ.
ನಮ್ಮ ನಡುವೆ ಇದ್ದದ್ದು ಮುರುಕು ಹಿಂದಿ.
ಅದರಲ್ಲಿ ಅವನು ದಿನಾ ಕೇಳಿದ್ದು ಒಂದೇ:
"ನೀವು ನಿದ್ದೆ ಮಾಡಿದಿರಾ?"
ನನ್ನದು ನೈಟ್ ಶಿಫ್ಟು.
ಮಾಡಿದೆ ಅನ್ನುತ್ತಿದ್ದೆ.
ಎಲ್ಲ ದಿನದ್ದೂ ಸೇರಿಸಿ ದುಡ್ಡು ಕೊಡಹೋದರೆ
ಗದರಿದ: ಒಂದು ತಲೆಗೆ ಒಂದೇ ರೇಟು.

ಹನ್ನೊಂದನೇ ಮಧ್ಯಾಹ್ನ
ಕತ್ತಿನ ಹಿಂದಿನ ಕೊನೆಯ ಗೆರೆ ಮುಗಿಯಿತು.
ಮಗನ ಹಣೆ ಕಂಡಿತು. ಅಲ್ಲೊಂದು ಮಚ್ಚೆ,
ನಾವು ಮರೆತೇಬಿಟ್ಟಿದ್ದೆವು.
ಹೊರಡಲು ಎದ್ದೆ.
ಮುಫಿಜುಲ್ ಬಟ್ಟೆ ಕೊಡವಿ
ಖಾಲಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ.
"ಈಗ ನೀವು."

ಕನ್ನಡಿಯಲ್ಲಿ ಯಾರೋ ಕೂತಿದ್ದ.
ವರ್ಷಗಟ್ಟಲೆ ನೀರಲ್ಲಿದ್ದು ಡಾಕಿಗೆ ಎಳೆದ
ಹಡಗಿನ ತಳದ ಹಾಗೆ
ಮುಖವೆಲ್ಲ ಪಾಚಿ, ಚಿಪ್ಪು.
ಬಿಸಿ ಟವೆಲ್ಲು ಬಿತ್ತು ಮೇಲೆ. ಕತ್ತಲು.
ಆ ಕತ್ತಲಲ್ಲಿ ಏನಾಯಿತೋ
ಟವೆಲ್ಲಿಗೇ ಗೊತ್ತು.

ಕೆಳಗಿನಿಂದ ಬಾಚಣಿಗೆ ಮೀಟುವ ಸದ್ದು ಬರುತ್ತಿತ್ತು.
ನೆಲದ ಮೇಲೆ ಕೂತು, ನನ್ನ ಕಾಲಿಗೊರಗಿ, ಮಗ,
ನನಗೆಲ್ಲಿ ಹೆದರಿಕೆಯಾದೀತೋ ಎಂದೋ,
ಸುಮ್ಮನೆಯೋ.