ಮಾಲಕರ ತಾಟು

ಹಳೇ ಹುಬ್ಬಳ್ಳಿ ನಮ್ಮ ಸಾವಜಿ ಖಾನಾವಳಿ ಗಲ್ಲಾದಾಗ
ಎರಡು ಖುರ್ಚಿ ಮುರದೇನಿ ನಾನು.
ಮೂರನೇದು ಕಬ್ಬಿಣದ್ದು, ವೆಲ್ಡಿಂಗ್ ಮಾಡಿಸಿದ್ದು.
ಈಗ ಅದರಾಗ ಕುಂತರ
ಬಾಜೂಕ ಇನ್ನೊಬ್ಬಾಂವ ಕೂಡೂವಷ್ಟು ಜಾಗಾ.
ಯಾರನ್ನ ಕೂಡಸ್ಲಿ?
ಐವತ್ತೆಂಟು ಕಿಲೋದ ಅಂಬಾಸಾ ಒಬ್ಬಾಂವ
ನನ್ನೊಳಗಿಂದ ಎದ್ದು ಹ್ವಾದ,
ಹೇಳದ, ಚಪ್ಪಲ್ಲೂ ಮೆಟ್ಟದ.

ಗಿರಾಕಿ ಬಿಲ್ ಕೊಡೂ ಮುಂದ ಬಗ್ಗತಾರ,
ದನಿ ಸಣ್ಣ ಮಾಡತಾರ:
“ಸಾವಕಾರ್ರ, ಸಕ್ಕರಿ ಬ್ಯಾನೀ ಏನ್ರಿ? ಇಲ್ಲಾ ಮತ್ತ… ಬ್ಯಾರೆ ಏನರ?”
ಹೊಟ್ಟೀನ ಸಣ್ಣ ಮಾಡಿಸೇನ್ರೀ, ಅಂತೇನಿ.
“ಅಂಗಿ ಮಾಡಿಸಿಧಂಗ?”
ಹೂಂ. ಹೊಲದಾಂವ ಹೊಲದು ಕೊಟ್ಟ.
ಹರೀಲಾರದಂಗ ತೊಡೂದು ನನ್ನ ಪಾಲಿಗೆ.

ಮಾಲಕ ಉಣ್ಣದ ಖಾನಾವಳಿಯೊಳಗ
ಯಾರು ಉಣತಾರ, ಅಂತ ನಮ್ಮಣ್ಣ ಚಾಷ್ಟಿ ಮಾಡ್ದ.
ಚಾಷ್ಟಿ ಅಲ್ಲ ಅದು.
ನಮ್ಮ ಹೊಟ್ಟೀನ ನಮ್ಮ ಬೋರ್ಡಾಗಿತ್ತು.

ಮೊದಲ ಹದಿನೈದು ದಿನ ತಿಳೀ ನೀರು, ತಿಳೀ ಸಾರು.
ಒಲೀ ಮ್ಯಾಲ ಖೀಮಾ ಕುದಿಯೂ ಹೊತ್ತಿಗೆ
ಎದ್ದು ಹೊರಗ ಹೋಗಿ
ಸೈಕಲ್ ಪಂಕ್ಚರ್ ಅಂಗಡಿ ಮುಂದ ನಿಂದರ್ತಿದ್ದೆ.
ರಬ್ಬರ್ ಸುಟ್ಟ ವಾಸನಿ ಹಿತಾ ಅನಿಸಿತ್ತು.
ರಾತ್ರಿ ಕನಸಿನ್ಯಾಗ ಮಾತ್ರ ಪಂಕ್ತಿಗೆ ಕೂತು ಬಡೀತಿದ್ದೆ,
ಎದ್ದರ ದವಡಿ ನೋಯತಿದ್ದವು.

ಮೂರನೇ ತಿಂಗಳು ಬೆಟಗೇರಿಯೊಳಗ ಅಳಿಯನ ನಿಶ್ಚೇ.
“ಒಂದ ಚಮಚಾ ಶ್ರೀಖಂಡ, ನನ್ನ ಮ್ಯಾಲಿನ ಪ್ರೀತಿಗೆ” ಅಂದಳು ತಂಗಿ.
ಪ್ರೀತಿ ಎಷ್ಟು ಚಮಚಾಂತ ಯಾರು ಅಳದಾರು?
ನಾಕು ತಿಂದೆ.
ಎದಿ ಡವಡವ, ಮೈಯೆಲ್ಲಾ ಬೆವರು,
ಮಂಗಳಕಾರ್ಯದ ಮನ್ಯಾಗ ಹಾಸಿಗಿ ಹಾಸಿ ಮಲಗಿಸಿದರು ನನ್ನ.
ಪ್ರೀತಿ ಮೋರಿಗೆ ಹೋತು.
ತಂಗಿ ಅತ್ತಳು, ನಾನೂ.

ಅವತ್ತಿಂದ ಮೊಮ್ಮಗಳ ಜಾವಳಕ್ಕ ಬಂದ
ಬೆಳ್ಳಿ ಬಟ್ಟಲಾ ಇಸಗೊಂಡೇನಿ.
ಅದರಾಗ ಹಿಡಿಸಿದಷ್ಟು, ಮುಗೀತು.
ಮೊದಲ ತತ್ತಿ, ಇಲ್ಲಾ ಮಡಕಿ ಕಾಳು, ಇಲ್ಲಾ ಎರಡು ಮೆತ್ತನ್ನ ತುಣುಕು,
ಆಮ್ಯಾಲ ಪಲ್ಯಾ,
ಜಾಗಾ ಉಳದ್ರ ರೊಟ್ಟಿ.
ನೀರಿನ ಚರಗಿ ದೂರ, ಕಿಟಕಿ ಕಟ್ಟಿ ಮ್ಯಾಲ;
ಅರ್ಧಾ ತಾಸು ಅದು ನನ್ನ ನೋಡತದ,
ನಾ ಅದನ್ನ ನೋಡತೇನಿ.
ರಾತ್ರಿ ಗುಳಿಗಿ ತಪ್ಪಂಗಿಲ್ಲ.
ಸುಲೋಚನಾ ಎಣಿಸಿ ಇಡತಾಳ,
ಹಿಂದ ನಾ ರೊಕ್ಕಾ ಎಣಿಸಿಧಂಗ.

ರೊಟ್ಟಿ ಬಡಿಯೂ ನೀಲವ್ವಗ ಮಾತ್ರ ನಾ ಏನೂ ಹೇಳಿದ್ದಿಲ್ಲ.
ಒಂದ ದಿನ ಪರಾತದ ತುದೀಗೆ ಅಂಟಿದ್ದ ಹಿಟ್ಟು ಕೆರದು,
ಬಡದು, ಬೇಯಿಸಿ, ಅಂಗೈಯಷ್ಟು ಒಂದು
ಗಲ್ಲಾದ ಮ್ಯಾಲ ಇಟ್ಟು ಹ್ವಾದಳು.
ಕೂಸುಗೋಳು ಹಟಾ ಹಿಡದಾಗ ಬಡದು ಕೊಡತಾರಲ್ಲ, ಅಂಥಾದ್ದು.
ಐವತ್ತೊಂದು ವರ್ಷದ ಕೂಸು ನಾನು,
ಮೀಸಿ ಇರೂದು.

ಮುರದೆ. ಅಗದೆ. ಎಣಿಸಿದೆ.
ಇಪ್ಪತ್ತಕ್ಕ ಹಿಟ್ಟು,
ಮೂವತ್ತಕ್ಕ, ಖರೇ ಹೇಳತೇನಿ, ಸಿಹಿ.
ಜ್ವಾಳದಾಗ ಸಿಹಿ ಐತಿ ಅಂತ
ಜ್ವಾಳಾನ ಮಾರಿಕೊಂಡು ಬದುಕಿದಾಂವಗ
ಇಷ್ಟು ದಿನ ಯಾರೂ ಹೇಳಿದ್ದಿಲ್ಲ.
ಹೇಳಿದ್ದರೂ ನನ್ನ ಬಾಯಿ ತುಂಬಿರತಿತ್ತು.

ತಾಟಿನ್ಯಾಗ ಬಿಡಬಾರದು, ಅಂತಿದ್ದಳು ನಮ್ಮವ್ವ.
ಬಿಟ್ಟ ಅಗಳು ಕಣ್ಣೀರು ಹಾಕತದ ಅಂತಿದ್ದಳು.
ಕೊಯ್ದು ಹೊಲದಾಗ ನೋಯಲಿಲ್ಲವ್ವಾ,
ಇದು ನೋಯತದ:
ಒಂದು ಬಿಕ್ಕು ಬರತದ, ಸಣ್ಣದು, ಒಂದ.
ಸಾಕು ಅಂತ ಒಳಗಿಂದ ಯಾರೋ ಬಾಗಿಲಾ ಬಡದಂಗ.
ಕೈಯಾಗ ಇನ್ನೂ ಒಂದು ತುತ್ತು.

ದಿನಾ ಇಲ್ಲೇ ನಿಂತಗೋತೇನಿ,
ಬಟ್ಟಲಾ, ತುತ್ತು, ನಾನು.
ಹೊರಗ ನಾಕು ಮಂದಿ ಹಸದು ಬಂದಾರ,
ನೀಲವ್ವನ ಕೈ ಬಡೀತದ ಪಟ ಪಟ.
ತುತ್ತು ಬಟ್ಟಲದಾಗ ಇಡತೇನಿ.
ಅಳೂದಿಲ್ಲ ಅದು. ಕಿವಿ ಕೊಟ್ಟು ಕೇಳೇನಿ.

ಕೈ ತೊಳದು ಕೂಗತೇನಿ:
ಬರ್ರಿ, ಒಳಗ ಜಾಗಾ ಐತಿ.