ಗುನುಗಿ, ದೋನ್ ರೆಮಿಹಿಯೊ

ಕತ್ತಿನ ಬಲಗಡೆ, ಕಾಲರ್ ಮೂಳೆಯ ಮೇಲುಗಡೆ
ಒಳಹೊಕ್ಕಿದೆ ಒಂದು ನಳಿಗೆ,
ಹದಿನೈದು ಸೆಂಟಿಮೀಟರು, ಹೃದಯದ ಹೊಸ್ತಿಲವರೆಗೆ.
ಹೊರಗೆ ಅದಕ್ಕೆ ಮೂರು ಬಾಲ.
ಕಂದು ಬಾಲದಲ್ಲಿ ರಕ್ತದೊತ್ತಡವನ್ನು ಎತ್ತಿ ಹಿಡಿಯುವ ಮದ್ದು,
ನೀಲಿಯಲ್ಲಿ ನಿದ್ದೆ,
ಬಿಳಿಯದು ಸುಮ್ಮನಿದೆ.
ಸುಮ್ಮನಿರುವುದನ್ನೇ ನಾವು ಮರೆಯುವುದು.

ವಾಲ್ಪರೈಸೊದಲ್ಲಿ ನೆಲಕ್ಕಿಂತ ಬೆಟ್ಟ ಹೆಚ್ಚು.
ದೋನ್ ರೆಮಿಹಿಯೊ ಮೂವತ್ತೊಂದು ವರ್ಷ
ಅಂಥದೊಂದು ಬೆಟ್ಟ ಹತ್ತುವ ಹಗ್ಗದ ಬಂಡಿಗೆ
ಬ್ರೇಕು ಹಿಡಿದವರು.
ಈಗ ವೆಂಟಿಲೇಟರು ಅವರನ್ನು
ಏರಿಸುತ್ತಿದೆ, ಇಳಿಸುತ್ತಿದೆ.

ಬಾಲದ ತುದಿಯನ್ನು ಮುಟ್ಟುವ ಮುಂಚೆ ಹದಿನೈದು ಸೆಕೆಂಡು
ಸ್ಪಿರಿಟ್‌ನಲ್ಲಿ ಉಜ್ಜಬೇಕು.
ಹದಿನೈದು ಎಷ್ಟು ಉದ್ದವೆಂದು ಅವಸರದವರಿಗೆ ತಿಳಿಯದು.
ನಾನು ಎಣಿಸುವುದಿಲ್ಲ. ಮನಸ್ಸಿನಲ್ಲೇ ಮನೆಯ ಮೆಟ್ಟಿಲು ಹತ್ತುತ್ತೇನೆ,
ಕೆಳಗಿನ ಬೇಕರಿಯಿಂದ,
ನಾಯಿ ಮಲಗಿರುವ ತಿರುವು ದಾಟಿ,
ಅಮ್ಮ ಬಣ್ಣ ಬಳಿದ ಹಳದಿ ಬಾಗಿಲವರೆಗೆ.
ಬಾಗಿಲು ಸಿಕ್ಕಾಗ ಸ್ಪಿರಿಟ್ ಆರಿರುತ್ತದೆ.
ಆಮೇಲೆ ಉಪ್ಪುನೀರು:
ತಳ್ಳು, ನಿಲ್ಲು. ತಳ್ಳು, ನಿಲ್ಲು.
ಒಂದೇ ಸಮ ತಳ್ಳಿದರೆ ಗೋಡೆಗಂಟಿದ್ದು ಕದಲುವುದಿಲ್ಲ.

ಆರನೆಯ ರಾತ್ರಿ ಹೊಸ ಡಾಕ್ಟರ್ ಇತುರ್ರಾ
ಓಡೋಡಿ ಬಂದವನೇ ಬಿಳಿ ಬಾಲಕ್ಕೆ ಕೈ ಹಾಕಿದ.
"ಕೈ?" ಅಂದೆ.
ಕಿವಿಯವರೆಗೆ ಕೆಂಪಾಗಿ ನಲ್ಲಿಯ ಕಡೆ ತಿರುಗಿದ.
ಅವನ ಮೇಲೆ ನನಗೇನೂ ಸಿಟ್ಟಿಲ್ಲ.

ಜುಲೈನಲ್ಲಿ, ಐದನೆಯ ಹಾಸಿಗೆಯ ಹೆಂಗಸಿನ ಬಳಿ
ಆ ಒಂದು ಮಾತನ್ನು ಯಾರೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ.
ಪಟ್ಟಿಯ ಮೇಲೆ ತಾರೀಖಿರಲಿಲ್ಲ.
ನಿನ್ನೆ ಹಾಕಿದ್ದಿರಬೇಕು ಅಂದುಕೊಂಡೆ.
ಮೂರು ಪಾಳಿಯವರೂ ಹಾಗೇ ಅಂದುಕೊಂಡೆವು.
ನಡುಕ ಬಂತು, ಮೂತ್ರಕೋಶ ಎಂದೆವು,
ಶ್ವಾಸಕೋಶ ಎಂದೆವು,
ಗಾಜಿನಂಥ ಪಟ್ಟಿಯಡಿ ಒಂದು ಕೆಂಪು ಉಂಗುರ
ಅಷ್ಟೂ ಹೊತ್ತು ನಮ್ಮನ್ನೇ ನೋಡುತ್ತಿತ್ತು.
ಅವಳ ಚಪ್ಪಲಿ ಒಂದು ವಾರ ಮಂಚದಡಿಯೇ ಇತ್ತು.

ಅಂದಿನಿಂದ ಜೇಬಿನಲ್ಲಿ ಪೆನ್ನು,
ಅಳಿಸದ ಕಪ್ಪು ಶಾಯಿಯದು.

ಭೇಟಿಯ ಹೊತ್ತು ಮಗಳು ನಿಯೆವೆಸ್ ಹೇಳಿದಳು:
"ಮೊದಲ ಬಂಡಿ ಬಿಡುವ ಮುಂಚೆ ಅಪ್ಪ
ಹಳೇ ಬಟ್ಟೆಯಲ್ಲಿ ಹಗ್ಗವನ್ನು ಉದ್ದಕ್ಕೂ ಸವರುತ್ತಿದ್ದ.
ಒಂದು ತಂತಿ ಸಿಬಿರೆದ್ದಿದ್ದರೂ ಬಟ್ಟೆಯನ್ನು ಹಿಡಿದೆಳೆಯುತ್ತಂತೆ.
ಜನ ಹೊರಗೆ ಕಿರುಚುತ್ತಿದ್ದರು, ತಡವಾಯಿತು ಅಂತ."
ನಾನು ಪಟ್ಟಿಯಂಚನ್ನು ಬೆರಳಿನಿಂದ ಒತ್ತುತ್ತಿದ್ದೆ,
ಎಲ್ಲಾದರೂ ಎದ್ದಿದೆಯೇ, ಒದ್ದೆಯಿದೆಯೇ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.
ಏನೂ ಅನ್ನಲಿಲ್ಲ.

ದಿನ ಬೆಳಗ್ಗೆ ರೌಂಡ್ಸ್‌ನಲ್ಲಿ ನನ್ನದು ಒಂದೇ ಪ್ರಶ್ನೆ:
"ಇದು ಇವತ್ತೂ ಬೇಕಾ?"
ಹತ್ತು ದಿನ ಬೇಕೆಂದರು.
ಹನ್ನೊಂದನೆಯ ದಿನ ಇತುರ್ರಾ ನನಗಿಂತ ಮುಂಚೆ ತಾನೇ ಕೇಳಿದ,
ತಾನೇ ಬೇಡವೆಂದ.

ಮಂಚದ ತಲೆಗಡೆ ಇಳಿಸಿದೆ. ಹೊಲಿಗೆ ಕತ್ತರಿಸಿದೆ.
ಉಸಿರೆಳೆಯುವಾಗ ನಳಿಗೆ ಎಳೆದರೆ
ತೂತಿನಿಂದ ಗಾಳಿ ನುಗ್ಗಿ ಹೃದಯಕ್ಕೆ ಹೋದೀತು.
"ಗುನುಗಿ, ದೋನ್ ರೆಮಿಹಿಯೊ."
ಕೊಳವೆ ತೆಗೆದು ಎರಡೇ ದಿನವಾದ ಗಂಟಲು:
"ಏನು ಗುನುಗಲಿ?"
"ಏನಾದರೂ. ನಿಲ್ಲಿಸಬೇಡಿ."

ಹಾಡಲ್ಲ ಅದು. ಒಂದೇ ಸ್ವರ,
ಕೆಳಗಿನದು, ತುಕ್ಕು ಹಿಡಿದದ್ದು,
ನಡುವೆ ಒಂದು ಕಡೆ ತಡವರಿಸಿ ಮತ್ತೆ ಹಿಡಿದುಕೊಂಡದ್ದು.
ಪರದೆಯಾಚೆ ನಿಯೆವೆಸ್ ನಕ್ಕಳು:
"ಬಂಡಿ ಮೇಲೆ ಮುಟ್ಟುವ ಮುಂಚೆ
ಚಕ್ರ ಹೀಗೇ ನರಳುವುದು."
ಅಷ್ಟರಲ್ಲಿ ನಳಿಗೆ ನನ್ನ ಕೈಯಲ್ಲಿತ್ತು.

ಐದು ನಿಮಿಷ ಒತ್ತಿ ಹಿಡಿದೆ.
ಬೆರಳಡಿ ಕತ್ತಿನ ನಾಡಿ ಬಡಿಯುತ್ತಿತ್ತು, ಅಸಹನೆಯಿಂದ.
ತಟ್ಟೆಯಲ್ಲಿಟ್ಟು ಅಳೆದೆ. ತುದಿ ಮುರಿದಿಲ್ಲ, ಪೂರ್ತಿ ಇದೆ.
ತೋರಿಸೆಂದರು. ತೋರಿಸಿದೆ.
ಅರೆಗಣ್ಣಲ್ಲಿ ಉದ್ದಕ್ಕೂ ನೋಡಿ,
"ಇಷ್ಟೇನಾ?" ಅಂದರು.

ಮೇಲೊಂದು ಪಟ್ಟಿ ಅಂಟಿಸಿ ಜೇಬು ತಡಕಿದೆ.
ಐದನೆಯ ಹಾಸಿಗೆಗೆ ಯಾರನ್ನೋ ತರುತ್ತಿದ್ದರು,
ಗಾಲಿ ಸದ್ದು, ಮಾನಿಟರ್ ಕೂಗು,
ಇತುರ್ರಾ ಆಗಲೇ ಗ್ಲೌಸ್ ತೊಡುತ್ತಿದ್ದ.
ನಾನು ನಡುಮನೆಯಲ್ಲಿ ನಿಂತವಳಂತೆ ಗದರಿದೆ:
ಯಾರ್ರೀ ತಗೊಂಡಿದ್ದು ನನ್ನ ಪೆನ್ನು?