ಆರನೆಯ ಎಸಳು

ಅಳಿವೆ ದಾಟಿ, ದೇವಬಾಗದ ಗಾಳಿಮರಗಳೆಲ್ಲ
ಒಂದೇ ಗೆರೆಯಾಗುವ ಹೊತ್ತಿಗೆ, ಸರಿಯಾಗಿ ಅಲ್ಲೇ,
ಕೀಂ...
ನಿಲ್ಲದ ಕೀಂ.
ಹನ್ನೆರಡು ಜನರ ಕೈ ಹನ್ನೆರಡು ಜೇಬಿಗೆ.
ನಂದಲ್ಲ. ನಂದೂ ಅಲ್ಲ.
ದಾವಣಗೆರೆಯ ಅಜ್ಜಿ ಒಬ್ಬಳು ಮಾತ್ರ
ನನ್ನ ಮುಖ ನೋಡಿ
ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡಳು.

ಥ್ರಾಟಲ್ ಇಳಿಸಿದೆ. ಕೂಗು ಅಡಗಿತು.
ಎಂಜಿನ್ನಿನ ಮಗ್ಗುಲಿಂದ ಚಿಮ್ಮುವ ನೀರಿನ ಎಳೆ
(ನಾವದಕ್ಕೆ ಪೋರನ ಉಚ್ಚೆ ಅಂತೇವೆ,
ಕಂಪನಿಯವರು ಏನಂತಾರೋ)
ಸಪೂರ, ಆದರೆ ಉಂಟು.
ಕೈ ಒಡ್ಡಿದೆ. ಒಡ್ಡಿದ ಕೈ ಹಿಂದೆ ಎಳೆದುಕೊಂಡೆ.
ಡಾಲ್ಫಿನ್ ತೋರಿಸದೆ ಕೋಡಿಬಾಗಕ್ಕೆ ವಾಪಸು,
ದುಡ್ಡೂ ವಾಪಸು.

ಮೊದಲ ದಿನ ಸಿಕ್ಕಿದ್ದು ಗುಟಕಾ ಚೀಟಿನ ಮಾಲೆ,
ನೀರು ಹೀರುವ ಜಾಲರಿಗೆ ಮೆತ್ತಿಕೊಂಡು.
ಇವನೇ ಕಳ್ಳ ಎಂದು ಜೆಟ್ಟಿಯ ಮೇಲಿದ್ದವರಿಗೆಲ್ಲ ಚಹ ಕುಡಿಸಿದೆ.
ಮರುದಿನ ಅದೇ ಗಾಳಿಮರ, ಅದೇ ಕೀಂ.

ಭಾವ ಉಲ್ಹಾಸ ಪಂಪು ಬಿಚ್ಚಿದ.
ಒಳಗಿನ ರಬ್ಬರು ಹೂವು ಸವೆದಿದೆ ಎಂದ, ಎಸೆದ,
ಮಡಗಾಂವಿಂದ ಹೊಸದು ತರಿಸಿ ಕೂರಿಸಿದ.
ಎರಡು ದಿನ ಸುಮ್ಮನಿತ್ತು.
ಆ ಎರಡು ದಿನ ಭಾವ ನಡೆಯುವ ರೀತಿಯೇ ಬೇರೆ ಇತ್ತು.

ಹಾಲಿನ ಪಾತ್ರೆಯಲ್ಲಿ ಥರ್ಮೋಸ್ಟಾಟು ಕುದಿಸಿದೆ.
ಸುಲಭಾ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ.
ನೀರು ಕಾದಂತೆ ಅದರ ಪುಟ್ಟ ಹಿತ್ತಾಳೆ ಬಾಯಿ
ಬಳಚು ಬಾಯಿಬಿಟ್ಟ ಹಾಗೆ ಮೆಲ್ಲಗೆ ತೆರೆಯಿತು.
ಪಾಪ, ಅದರ ತಪ್ಪಿಲ್ಲ.
ಪಾತ್ರೆ ಮಾತ್ರ ಹೊಸದು ತರಬೇಕಾಯಿತು.

ಕೆಲಸದ ಹುಡುಗ ದತ್ತೂ ಇಕ್ಕಳ ಹಿಡಿದು ಬಂದ.
ಈ ಒಂದು ವಯರು ಕಾಕಾ,
ಕಚಕ್ಕಂತ ತುಂಡು ಮಾಡಿದರೆ ಜನ್ಮದಲ್ಲಿ ಕೂಗೋದಿಲ್ಲ.
ಇಕ್ಕಳ ಕಸಿದು ನನ್ನ ಜೇಬಿಗೆ ಹಾಕಿದೆ.
ಆ ರಾತ್ರಿ ನಿದ್ದೆಯಲ್ಲಿ
ಎರಡು ಸಲ ತುಂಡು ಮಾಡಿದೆ.

ಕಡೆಗೆ ಸುಂಕೇರಿಯ ಇನಾಸ ಬಾಬನನ್ನು
ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ.
ನಲವತ್ತು ವರ್ಷ ಟ್ರಾಲರುಗಳ ಹೊಟ್ಟೆಯೊಳಗೆ ಇದ್ದವ.
ಎಂಜಿನ್ನು ನೋಡಲೇ ಇಲ್ಲ.
ಹಳೆ ಹೂವು ಎಲ್ಲಿ, ಅಂದ.

ಹಳೆ ಹೂವು ಮಗಳ ಕೈಸೇರಿ ತಿಂಗಳಾಗಿತ್ತು.
ಮುಕ್ತಾ ಅದನ್ನು ಕೆಂಪು ಬಣ್ಣದಲ್ಲಿ ಅದ್ದಿ
ನೋಟುಬುಕ್ಕಿನ ರಟ್ಟಿಗೆ, ಹಿತ್ತಲ ಗೋಡೆಗೆ, ನೀರಿನ ಟಾಕಿಗೆ
ಹೂವು ಒತ್ತಿದ್ದಳು.
ಇನಾಸ ಬಾಬ ಗೋಡೆಯ ಮುಂದೆ ನಿಂತು
ಬೆರಳಿಟ್ಟು ಎಣಿಸಿದ.
ಐದು. ಇದರಲ್ಲೂ ಐದು. ಇದರಲ್ಲೂ.
ಮಗಾ, ಒಂದು ಎಸಳು ಯಾಕೆ ಬಿಟ್ಟೆ?
ನಾನು ಬಿಡಲಿಲ್ಲ ಅಜ್ಜಾ, ಅದಕ್ಕೇ ಇಲ್ಲ.

ನಾನು ಉಲ್ಹಾಸನ ಮುಖ ನೋಡಿದೆ.
ಉಲ್ಹಾಸ ಟಾಕಿಯ ನಲ್ಲಿ ನೋಡಿದ.

ಸಂಜೆಯ ಇಳಿತದಲ್ಲಿ ದೋಣಿ ಕೆಸರಿಗೆ ಕೂತಿತ್ತು.
ಎಂಜಿನ್ನಿನ ತಲೆ ತೆಗೆದೆವು. ಉಪ್ಪು, ಮರಳು, ಬಳಚಿನ ಚೂರು,
ನೀರು ತಿರುಗುವ ಮೂಲೆಯಲ್ಲಿ, ಕಪ್ಪಗೆ,
ನನ್ನ ಕಿರುಬೆರಳ ಉಗುರಿನಷ್ಟು ರಬ್ಬರು.
ಮೆಲ್ಲಗೆ ಹೋದರೆ ಮಲಗಿರುತ್ತದೆ, ಎಂದ ಬಾಬ.
ಜೋರು ಮಾಡಿದರೆ ಏಳುತ್ತದೆ,
ಎದ್ದು ಬಾಗಿಲು ಹಾಕಿಕೊಳ್ಳುತ್ತದೆ.
ಮಡಗಾಂವಿಂದ ಹತ್ತು ಹೂವು ತಂದರೂ ಅಷ್ಟೇ.
ಕೂಲಿ ಕೇಳಿದರೆ, ನಾಡದು ಇಸವಣ ಸಿಕ್ಕಿದರೆ
ಒಂದು ತುಂಡು ಕಳಿಸು, ಅಂದ.
ಕಳಿಸಿದೆ. ಎರಡು ತುಂಡು.

ಈಗ ಕೂಗು ಇಲ್ಲ. ಮಳೆಗಾಲ ಕಳೆದು ಹೊಸ ಸೀಸನ್ನೂ ಬಂತು.
ಆದರೂ ಗಾಳಿಮರಗಳು ಗೆರೆಯಾಗುವಲ್ಲಿ
ಕೈ ತಾನಾಗಿ ಥ್ರಾಟಲ್ ಇಳಿಸುತ್ತದೆ,
ಬೆನ್ನ ಹಿಂದಿನ ನೀರಿನ ಎಳೆಗೆ ಕಿವಿ ಹೋಗುತ್ತದೆ.
ಯಾಕೆ ನಿಧಾನ, ಕೇಳುತ್ತಾರೆ ಜನ.
ಡಾಲ್ಫಿನ್ ಇರ್ತವೆ ಇಲ್ಲಿ, ಅಂತೇನೆ.

ಒಮ್ಮೊಮ್ಮೆ ಇರುವುದೂ ಉಂಟು.